ಪೇಜ್‌ಮೇಕರ್ ಕಂಪ್ಯೂಟರ್‌ಗೆ ಹೊಸ ಹಾರ್ಡ್ ಡಿಸ್ಕ್

ನಮ್ಮ ಪ್ರೆಸ್ಸಿನಲ್ಲಿ ಇಂದಿಗೂ ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದೆ. 2008ರಲ್ಲಿ ಕೊಂಡದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, ಇಂಟೆಲ್ ಜಿ31 ಚಿಪ್‌ಸೆಟ್ ಬೋರ್ಡ್, 160 ಜಿಬಿ ಹಾರ್ಡ್ ಡಿಸ್ಕ್. ಇದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಕೊಡೋದೂ ಇಲ್ಲ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಯ ಕೈ ಬಿಟ್ಟಿದೆ ಅಂತ ನನಗೂ ಗೊತ್ತು. ಆದರೂ ಗದಗಿನಲ್ಲಿ ಪ್ರೆಸ್ ನಂಬಿಕೊಂಡ ಮನೆಗಳು ಬಹಳ. ಹುಡುಕಿದರೆ ಇಂಥ ಕಂಪ್ಯೂಟರ್ ಇನ್ನೂ ಎಷ್ಟೋ ಕಡೆ ಸಿಗುತ್ತವೆ.

ಯಾಕೆ ಇಟ್ಟುಕೊಂಡಿದ್ದೀರಿ ಅಂತ ಹೊಸ ಹುಡುಗರು ಕೇಳುತ್ತಾರೆ. ನಮ್ಮ ಹಳೆ ಕೆಲಸವೆಲ್ಲ ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿದೆ. ಸೊಸೈಟಿಗಳ ರಸೀದಿ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆಯ ಮಾದರಿಗಳು, ವಚನದ ಪುಸ್ತಕಗಳು, ಕವನ ಸಂಕಲನಗಳು. ಅಕ್ಷರವೆಲ್ಲ ಶ್ರೀಲಿಪಿ ಇಲ್ಲವೇ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ಗಳ ಹಳೆ ಫಾಂಟು. ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್ ಇವೆ, ನಾನೂ ಬಳಸುತ್ತೇನೆ. ಆದರೆ ಫಾಂಟ್ ಬದಲಾದ ಕೂಡಲೇ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ. ಇನ್ನೂರು ಪುಟದ ಪುಸ್ತಕದ ಮರುಮುದ್ರಣಕ್ಕೆ ಮತ್ತೆ ಮೊದಲಿಂದ ಪ್ರೂಫ್ ಯಾರು ಓದಬೇಕು? ಮೇಲಾಗಿ ನಮ್ಮ ಶ್ರೀಲಿಪಿಯ ಲಾಕ್, ಅಂದರೆ ಅದಿಲ್ಲದೆ ಸಾಫ್ಟ್‌ವೇರ್ ನಡೆಯದ ಚಿಕ್ಕ ಸಾಧನ, ಕಂಪ್ಯೂಟರ್ ಹಿಂಬದಿಯ ಪ್ಯಾರಲಲ್ ಪೋರ್ಟ್‌ಗೆ ಸಿಗಿಸುವಂಥದ್ದು. ಆ ಪೋರ್ಟ್ ಇರುವ ಹೊಸ ಕಂಪ್ಯೂಟರ್ ಅಂಗಡಿಯಲ್ಲಿ ಸಿಗೋದೇ ಅಪರೂಪ.

ಹೀಗಾಗಿ ಆ ಮಷಿನ್ ನಡೆಯಲೇಬೇಕು. ಈ ಸಲ ಅದರ ಹಾರ್ಡ್ ಡಿಸ್ಕ್ ಕೈ ಕೊಡಲು ಶುರು ಮಾಡಿತು. ಬದಲಿ ಡಿಸ್ಕ್ ಹುಡುಕುವಾಗ ನಾನು ಏನೇನು ನೋಡಿದೆ, ಯಾವುದನ್ನು ಬೇಡ ಅಂದೆ, ಯಾಕೆ ಅಂದೆ ಅನ್ನೋದನ್ನು ಬರೆದಿಡುತ್ತಿದ್ದೇನೆ. ಇಂಥ ಮಷಿನ್ ಇಟ್ಟುಕೊಂಡಿರುವ ಡಿಟಿಪಿಯವರಿಗೆ, ಲೆಕ್ಕಪತ್ರದ ಆಫೀಸಿನವರಿಗೆ, ಹಳೆ ಲೇತ್ ಓಡಿಸುವವರಿಗೆ ಉಪಯೋಗ ಆದೀತು. ಅಂಗಡಿಯಲ್ಲಿ ದೊಡ್ಡದು ಯಾವುದು, ಫಾಸ್ಟ್ ಯಾವುದು ಅಂತ ಕೇಳುವ ಮೊದಲು ನಮ್ಮ ಮಷಿನ್ ಏನನ್ನು ಅರಗಿಸಿಕೊಳ್ಳುತ್ತದೆ ಅಂತ ತಿಳಿದುಕೊಳ್ಳಬೇಕು. ನನ್ನ ಮಾತೆಲ್ಲ ಇಷ್ಟರ ಸುತ್ತಲೇ ಇದೆ.

ಮೊದಲು, ಡಿಸ್ಕ್ ನಿಜವಾಗಿಯೂ ಕೆಟ್ಟಿದೆಯಾ ಅಂತ ನೋಡಿ. ಕಂಪ್ಯೂಟರ್ ತೆವಳತೊಡಗಿದರೆ ಎಲ್ಲರೂ ಡಿಸ್ಕ್ ಹೋಯಿತು ಅಂದುಬಿಡುತ್ತಾರೆ. ಎಕ್ಸ್‌ಪಿಯಲ್ಲಿ ಒಂದು ವಿಚಿತ್ರ ಗುಣ ಇದೆ. ಡಿಸ್ಕ್ ಜೊತೆ ಮಾತಾಡುವಾಗ ಒಟ್ಟು ಆರು ಸಲ ತಪ್ಪು ಬಂತು ಅಂದರೆ, ಅದು ಡಿಸ್ಕ್ ಕೂಡಿರುವ ಚಾನೆಲ್ ಅನ್ನು ಡಿಎಂಎ ಅನ್ನೋ ವೇಗದ ಮೋಡ್‌ನಿಂದ ಕೆಳಗಿಳಿಸುತ್ತಾ ಹೋಗಿ ಕೊನೆಗೆ ಪಿಐಒ ಅನ್ನೋ ನಿಧಾನದ ಮೋಡ್‌ಗೆ ತಳ್ಳಿಬಿಡುತ್ತದೆ. ಆಮೇಲೆ ಒಂದೊಂದು ಫೈಲ್ ಓದಲಿಕ್ಕೂ ಪ್ರೊಸೆಸರೇ ದುಡಿಯಬೇಕು. ಪೇಜ್‌ಮೇಕರ್ ತೆರೆಯೋದರಲ್ಲಿ ಚಹಾ ಕುಡಿದು ಬರಬಹುದು. ಡಿಸ್ಕ್ ಸರಿಯಿದ್ದರೂ ಸಡಿಲ ಕೇಬಲ್ ಒಂದರಿಂದ ಹೀಗಾಗುತ್ತದೆ. ಡಿವೈಸ್ ಮ್ಯಾನೇಜರ್ ತೆಗೆದು, ಪ್ರೈಮರಿ ಐಡಿಇ ಚಾನೆಲ್‌ನ ಅಡ್ವಾನ್ಸ್‌ಡ್ ಸೆಟಿಂಗ್ಸ್ ನೋಡಿ. ಅಲ್ಲಿ ಈಗಿನ ಮೋಡ್ 'ಅಲ್ಟ್ರಾ ಡಿಎಂಎ' ಅಂತಿದ್ದರೆ ಸರಿ. 'ಪಿಐಒ' ಅಂತಿದ್ದರೆ ಕೇಬಲ್ ಬದಲಿಸಿ, ಆ ಚಾನೆಲ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಡಿಎಂಎಗೆ ವಾಪಸ್ ತರುತ್ತದೆ. ಇಷ್ಟರಲ್ಲೇ ಎಷ್ಟೋ ಡಿಸ್ಕ್‌ಗಳು ಉಳಿಯುತ್ತವೆ.

ನಮ್ಮದು ಹಾಗೆ ಉಳಿಯುವಂಥದ್ದಾಗಿರಲಿಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಹಳೆ ಆವೃತ್ತಿ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ 'ಕಾಶನ್' ಅಂತ ತೋರಿಸಿತು. ಅದರಲ್ಲಿ ನೋಡಬೇಕಾದ್ದು ಮುಖ್ಯವಾಗಿ ಮೂರು ಸಾಲು. ರೀಅಲೊಕೇಟೆಡ್ ಸೆಕ್ಟರ್ ಅಂದರೆ ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟ ತುಣುಕುಗಳು. ಕರೆಂಟ್ ಪೆಂಡಿಂಗ್ ಸೆಕ್ಟರ್ ಅಂದರೆ ಓದಲು ಆಗದೆ ಒದ್ದಾಡುತ್ತಿರುವ ತುಣುಕುಗಳು. ಮೂರನೆಯದು ಸಿಆರ್‌ಸಿ ಎರರ್, ಅದು ಸಾಮಾನ್ಯವಾಗಿ ಕೇಬಲ್ಲಿನ ದೋಷ. ನಮ್ಮದರಲ್ಲಿ ಸಿಆರ್‌ಸಿ ಸೊನ್ನೆ ಇತ್ತು, ಪೆಂಡಿಂಗ್ ಮಾತ್ರ ದಿನದಿಂದ ದಿನಕ್ಕೆ ಏರುತ್ತಿತ್ತು. ಅಂದಮೇಲೆ ಕೇಬಲ್ ಚೆನ್ನಾಗಿದೆ, ಒಳಗಿನ ತಟ್ಟೆಯೇ ಸವೆದಿದೆ. ಅವತ್ತೇ ಆ ಮಷಿನ್ ಆಫ್ ಮಾಡಿಸಿದೆ. ಇಂಥ ಡಿಸ್ಕನ್ನು ಸುಮ್ನೆ ಓಡಿಸಿದಷ್ಟೂ ಕೆಡುತ್ತದೆ. ಇದರ ಮೇಲೆ ಚೆಕ್‌ಡಿಸ್ಕ್, ಡಿಫ್ರಾಗ್ ಅಂತ ಹಚ್ಚಬೇಡಿ. ಮೊದಲು ಇದ್ದದ್ದನ್ನು ಎತ್ತಿಕೊಳ್ಳಬೇಕು. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಇಡೀ ಡಿಸ್ಕಿನ ನಕಲನ್ನು ಹೊರಗಿನ ಡ್ರೈವ್‌ಗೆ ಇಳಿಸಿದೆ. ಅದು ಸಲೀಸಾಗಿ ಓದಬಲ್ಲ ಜಾಗವನ್ನೆಲ್ಲ ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಬಂದಿದ್ದೇನೆ ಅಂತ ಒಂದು ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗುವುದರಿಂದ ನಡುವೆ ಕರೆಂಟ್ ಹೋದರೂ ಮುಂದುವರಿಸಬಹುದು. ನಮ್ಮ ಪುಣ್ಯಕ್ಕೆ ಕೆಟ್ಟ ಜಾಗವೆಲ್ಲ ವಿಂಡೋಸಿನ ಪಾಲಿಗೇ ಬಂದಿತ್ತು. ಪುಸ್ತಕಗಳ ಫೋಲ್ಡರ್ ಪೂರ್ತಿ ಸಿಕ್ಕಿತು.

ಇನ್ನು ಹೊಸ ಡಿಸ್ಕ್. ನಮ್ಮದು ಕಂಪನಿ ಸೆಟ್. ಅವರ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದರೆ ಆ ಪಾರ್ಟ್ ನಂಬರ್ ಬಂದಾಗಿ ಎಷ್ಟೋ ವರ್ಷ ಆಯಿತು ಅಂದರು. ಬೇಸರ ಮಾಡಿಕೊಳ್ಳುವಂಥದ್ದೇನೂ ಇಲ್ಲ. ಇವತ್ತು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ಮಾಡೋರೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮ್ಯಾಕ್ಸ್‌ಟರ್ ಅನ್ನು 2006ರಲ್ಲಿ, ಸ್ಯಾಮ್‌ಸಂಗ್‌ನ ಹಾರ್ಡ್ ಡಿಸ್ಕ್ ವ್ಯವಹಾರವನ್ನು 2011ರಲ್ಲಿ ಸೀಗೇಟ್ ಕೊಂಡಿತು. ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಕಂಪ್ಯೂಟರ್ ಕಂಪನಿ ಯಾವುದೇ ಇರಲಿ, ಅದರ ಸ್ಟಿಕ್ಕರ್ ಕೆಳಗಿರೋದು ಇಂಥವರದೇ ಮಾಲು. ಹೊರಗಿನ ಡಿಸ್ಕ್ ಹಾಕಿದರೆ ನಡೆಯಲ್ಲ ಅನ್ನೋ ಹೆದರಿಕೆ ಸಾಮಾನ್ಯ ಡೆಸ್ಕ್‌ಟಾಪ್‌ಗೆ ಬೇಕಿಲ್ಲ.

ಆದರೆ ಹೆದರಿಕೆಗೆ ಬುಡವೇ ಇಲ್ಲ ಅಂತಲ್ಲ. ಆ್ಯಪಲ್‌ನ 2011ರ ಐಮ್ಯಾಕ್ ಇಟ್ಟುಕೊಂಡ ಡಿಸೈನ್ ಸ್ಟುಡಿಯೊದವರನ್ನು ಕೇಳಿ. ಅದರಲ್ಲಿ ಡಿಸ್ಕ್ ಎಷ್ಟು ಬಿಸಿಯಾಗಿದೆ ಅನ್ನೋ ಸುದ್ದಿ ಡಿಸ್ಕಿನ ಪವರ್ ಕೇಬಲ್ ಮೂಲಕವೇ ಹೋಗುತ್ತದೆ, ಆ ಸುದ್ದಿ ಹೇಳಲಿಕ್ಕೆ ಆ್ಯಪಲ್‌ಗಾಗಿ ಬದಲಿಸಿದ ಫರ್ಮ್‌ವೇರ್, ಅಂದರೆ ಡಿಸ್ಕಿನೊಳಗಿನ ಸಾಫ್ಟ್‌ವೇರ್, ಬೇಕು. ಮಾರ್ಕೆಟ್ಟಿನ ಡಿಸ್ಕ್ ಹಾಕಿದರೆ ಕಂಪ್ಯೂಟರ್ ಶುರುವಾಗುತ್ತದೆ, ಡೇಟಾನೂ ಓದುತ್ತದೆ, ಆದರೆ ಬಿಸಿಯ ಸುದ್ದಿ ಬಾರದ್ದರಿಂದ ಫ್ಯಾನ್ ಪೂರ್ತಿ ಜೋರಾಗಿ ತಿರುಗತೊಡಗುತ್ತದೆ. ಅದಕ್ಕೆಂದೇ ಬೇರೆ ಸೆನ್ಸರ್ ಇರುವ ಕೇಬಲ್ ಸಿಗುತ್ತದೆ. ಅದಿಲ್ಲದಿದ್ದರೆ ಫ್ಯಾನ್ ಹಿಡಿತದಲ್ಲಿಡುವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಅದಕ್ಕೂ ಹಿಂದಿನ 2009, 2010ರ ಐಮ್ಯಾಕ್‌ಗಳಲ್ಲಿ ಸೆನ್ಸರ್ ಕೇಬಲ್ ಡಿಸ್ಕ್ ಕಂಪನಿಗೊಂದರಂತೆ ಬೇರೆ ಬೇರೆ. ಅಲ್ಲಿ ಮೊದಲಿದ್ದ ಕಂಪನಿಯ ಡಿಸ್ಕೇ ಹಾಕೋದು ಸುಲಭದ ದಾರಿ. ಐಬಿಎಂ ಥಿಂಕ್‌ಪ್ಯಾಡ್ ಟಿ43 ಕಾಲದ ಲ್ಯಾಪ್‌ಟಾಪ್‌ಗಳೂ ಗುರುತಿಲ್ಲದ ಡಿಸ್ಕ್ ಕಂಡರೆ ಶುರುವಿನಲ್ಲೇ '2010' ಅನ್ನೋ ಎರರ್ ತೋರಿಸುತ್ತಿದ್ದವು. ಹಾಗಾಗಿ ನಿಮ್ಮ ಮಾದರಿಯ ಹೆಸರು ಹಾಕಿ ಇಂಥ ತಕರಾರು ಇದೆಯಾ ಅಂತ ದುಡ್ಡು ಕೊಡುವ ಮೊದಲೇ ಹುಡುಕಿಕೊಳ್ಳಿ.

ನಮ್ಮ ಜಿ31 ಬೋರ್ಡಿಗೆ ಇಂಥದ್ದೇನೂ ಇಲ್ಲ. ಡಬ್ಬಿ ಬಿಚ್ಚಿ ನೋಡಿದರೆ ಡಿಸ್ಕಿಗೆ ಹೋಗಿರುವುದು ಬೆರಳಗಲದ ಕೆಂಪು ಕೇಬಲ್. ಅದು ಸಾಟಾ. ಅಂಗೈ ಅಗಲದ ಬೂದು ಪಟ್ಟಿ ಇದ್ದರೆ ಅದು ಐಡಿಇ, ಆ ಡಿಸ್ಕ್‌ಗಳನ್ನು ಈಗ ಯಾರೂ ಮಾಡುತ್ತಿಲ್ಲ. ಹೊಸ ಐಡಿಇ ಡಿಸ್ಕ್ ಅಂತ ಕೊಟ್ಟರೆ ಅದು ಎಲ್ಲಿಂದಲೋ ಬಿಚ್ಚಿದ್ದು ಅಂತಲೇ ತಿಳಿಯಿರಿ. ಅಂಥ ಬೋರ್ಡಿಗೆ ಸಾಟಾದಿಂದ ಐಡಿಇಗೆ ಬದಲಿಸುವ ಚಿಕ್ಕ ಕನ್ವರ್ಟರ್ ಹಾಕಿ ಹೊಸ ಸಾಟಾ ಡಿಸ್ಕ್ ಕೂಡಿಸೋದು ವಾಸಿ.

ಸಾಟಾದಲ್ಲಿ ಹಳತು ಹೊಸತು ಬೆರೆತರೂ ನಡೆಯುತ್ತದೆ. ಡಿಸ್ಕ್ ಮೇಲೆ 6 ಗಿಗಾಬಿಟ್ ಅಂತ ಬರೆದಿದ್ದರೂ ನಮ್ಮ ಬೋರ್ಡಿನಲ್ಲಿ ಅದು 3ಕ್ಕೆ ಇಳಿದು ಕೆಲಸ ಮಾಡುತ್ತದೆ. ತಟ್ಟೆ ತಿರುಗುವ ಡಿಸ್ಕಿಗೆ 3 ಗಿಗಾಬಿಟ್ ಧಾರಾಳ ಸಾಕು. ಇದಕ್ಕೆ ಹೊರತಾಗಿ ಒಂದು ಜಾತಿ ಇದೆ. ವಿಯಾ ಕಂಪನಿಯ ವಿಟಿ8237 ಚಿಪ್ ಇರುವ, 2004-05ರ ಆಸುಪಾಸಿನ ಬೋರ್ಡುಗಳು. ಅವಕ್ಕೆ ವೇಗದ ಹೊಂದಾಣಿಕೆ ಮಾಡಿಕೊಳ್ಳಲು ಬರೋದಿಲ್ಲ, ಹೊಸ ಡಿಸ್ಕ್ ಕಣ್ಣಿಗೇ ಬೀಳೋದಿಲ್ಲ. ಅಲ್ಲಿ ಡಿಸ್ಕಿನ ಹಿಂದಿರುವ ಪಿನ್ನುಗಳಿಗೆ ಜಂಪರ್ (ಎರಡು ಪಿನ್ ಕೂಡಿಸುವ ಚಿಕ್ಕ ಟೊಪ್ಪಿ) ಹಾಕಿ 1.5 ಗಿಗಾಬಿಟ್‌ಗೆ ಕಟ್ಟಿಹಾಕಬೇಕು. ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು 5 ಮತ್ತು 6ನೇ ಪಿನ್. ಜಂಪರ್ ಪಿನ್ನೇ ಇಲ್ಲದ ಡಿಸ್ಕ್ ಆ ಬೋರ್ಡಿಗೆ ತರಬೇಡಿ.

ಎಷ್ಟು ದೊಡ್ಡದು ಬೇಕು? ಹುಬ್ಬಳ್ಳಿಯ ಅಂಗಡಿಯ ಹುಡುಗ, "ಅಣ್ಣಾರ, 4 ಟಿಬಿ ತಗೊಂಡ್ ಬಿಡ್ರಿ, ಮುಂದ ಚಿಂತಿನ ಇಲ್ಲ" ಅಂದ. ಒಳ್ಳೆ ಮನಸ್ಸಿನಿಂದಲೇ ಅಂದ. ಆದರೆ ನಾವು ಬಳಸುವ 32 ಬಿಟ್ ಎಕ್ಸ್‌ಪಿಗೆ ಅರ್ಥ ಆಗೋದು ಡಿಸ್ಕನ್ನು ಭಾಗ ಮಾಡುವ ಎಂಬಿಆರ್ ಅನ್ನೋ ಹಳೆ ಪಾರ್ಟಿಷನ್ ಲೆಕ್ಕ ಮಾತ್ರ. ಆ ಲೆಕ್ಕದಲ್ಲಿ ಸೆಕ್ಟರ್ ನಂಬರಿಗೆ 32 ಬಿಟ್ ಜಾಗ. ಒಂದು ಸೆಕ್ಟರ್‌ಗೆ 512 ಬೈಟ್ ಹಿಡಿದರೆ ಸುಮಾರು 2.2 ಟಿಬಿಗೆ ಲೆಕ್ಕ ಮುಗಿಯಿತು. ಅದರಾಚೆ ಇರುವ ಜಾಗ ಇದ್ದೂ ಇಲ್ಲದ ಹಾಗೆ. ಇನ್ನೂ ಹಳೆಯ, 2002ಕ್ಕಿಂತ ಹಿಂದಿನ ಬೋರ್ಡುಗಳಾದರೆ 137 ಜಿಬಿಯ ಗೋಡೆ ಬರಬಹುದು. ಎಕ್ಸ್‌ಪಿಗೂ ಸರ್ವಿಸ್ ಪ್ಯಾಕ್ 1 ಹಾಕದಿದ್ದರೆ ಅದೇ ಗೋಡೆ. ನಮ್ಮ ಹದಿನಾರು ವರ್ಷದ ಕೆಲಸವೆಲ್ಲ ಸೇರಿ 100 ಜಿಬಿ ದಾಟಿಲ್ಲ. ಪೇಜ್‌ಮೇಕರ್ ಫೈಲ್ ಎಷ್ಟು ಚಿಕ್ಕದು ಅಂತ ಬಲ್ಲವರಿಗೆ ಇದು ಆಶ್ಚರ್ಯ ಅನ್ನಿಸದು. 1 ಟಿಬಿ ಸಾಕು ಅಂತ ನಿರ್ಧಾರ ಮಾಡಿದೆ. 1 ಟಿಬಿಗೆ ಇನ್ನೊಂದು ಬಲವಾದ ಕಾರಣವೂ ಇತ್ತು.

ಹಾರ್ಡ್ ಡಿಸ್ಕ್ ಬರೆಯುವ ರೀತಿಯಲ್ಲಿ ಈಗ ಎರಡು ಬಗೆ. ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್‌ನಲ್ಲಿ ಬರೆಯುವ ಒಂದೊಂದು ಸುತ್ತು (ಟ್ರ್ಯಾಕ್) ತನ್ನ ಪಾಡಿಗೆ ತಾನಿರುತ್ತದೆ. ಎಸ್‌ಎಂಆರ್‌ನಲ್ಲಿ ಜಾಗ ಉಳಿಸಲಿಕ್ಕೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆದಿರುತ್ತಾರೆ, ಮಂಗಳೂರು ಹಂಚು ಹೊದಿಸಿದ ಹಾಗೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹಂಚುಗಳನ್ನೆಲ್ಲ ಎತ್ತಿ ಮತ್ತೆ ಕೂಡಿಸಬೇಕು. ಒಂದೇ ಸಲ ತುಂಬಿ ಇಟ್ಟುಬಿಡುವ ಬ್ಯಾಕಪ್‌ಗೆ ಇದು ಅಡ್ಡಿಯಿಲ್ಲ. ದಿನವಿಡೀ ಚಿಕ್ಕ ಚಿಕ್ಕ ಫೈಲ್ ತೆಗೆದು ತಿದ್ದಿ ಸೇವ್ ಮಾಡುವ ಮಷಿನ್‌ಗೆ, ಅದೂ ವಿಂಡೋಸ್ ಕೂತಿರುವ ಡಿಸ್ಕಿಗೆ, ಎಸ್‌ಎಂಆರ್ ಬೇಡವೇ ಬೇಡ. ಇದನ್ನು ಡಬ್ಬಿಯ ಮೇಲೆ ಬರೆದಿರೋದಿಲ್ಲ ಅನ್ನೋದೇ ತೊಂದರೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಅಂತ ಗೊತ್ತಾಗಿ ಗ್ರಾಹಕರು ದೊಡ್ಡ ಗಲಾಟೆ ಮಾಡಿದರು. ಆಮೇಲೆ ಕಂಪನಿಗಳು ಯಾವ ಮಾದರಿ ಯಾವ ಬಗೆ ಅಂತ ಪಟ್ಟಿ ಹೊರಗಿಟ್ಟವು. ಹಾಗಾಗಿ ಮಾದರಿ ನಂಬರ್ ಪೂರ್ತಿ ಬರೆದುಕೊಂಡು ಅಂಗಡಿಗೆ ಹೋಗಬೇಕು. 'ಬ್ಲೂ ಕೊಡಿ', 'ಬ್ಯಾರಾಕುಡಾ ಕೊಡಿ' ಅಂದರೆ ಸಾಲದು.

ಡೆಸ್ಕ್‌ಟಾಪ್ ಅಳತೆಯಲ್ಲಿ, ಅಂದರೆ 3.5 ಇಂಚಿನಲ್ಲಿ, ಸಿಎಂಆರ್ ಆಗಿರುವ 1 ಟಿಬಿ ಡಿಸ್ಕ್‌ಗಳಲ್ಲಿ ನನ್ನ ಚೀಟಿಯಲ್ಲಿದ್ದವು ಎರಡು. ವೆಸ್ಟರ್ನ್ ಡಿಜಿಟಲ್ ಬ್ಲೂನ ಡಬ್ಲ್ಯುಡಿ10ಇಜಡ್‌ಇಎಕ್ಸ್ ಮತ್ತು ಸೀಗೇಟ್ ಬ್ಯಾರಾಕುಡಾದ ಎಸ್‌ಟಿ1000ಡಿಎಂ010. ಎರಡೂ 7200 ಆರ್‌ಪಿಎಂ, 64 ಎಂಬಿ ಕ್ಯಾಶ್. ಇದೇ ಬ್ಯಾರಾಕುಡಾ ಹೆಸರಿನ 2 ಟಿಬಿ, ಎಸ್‌ಟಿ2000ಡಿಎಂ008, ಎಸ್‌ಎಂಆರ್. ಒಂದೇ ಹೆಸರು, ಒಂದೇ ಬಣ್ಣದ ಸ್ಟಿಕ್ಕರ್, ಒಳಗಿನ ಕೆಲಸವೇ ಬೇರೆ. ನಾನು 2 ಟಿಬಿ ಬೇಡ ಅಂದದ್ದು ಇದಕ್ಕೇ.

ಅಂಗಡಿಗಳಲ್ಲಿ ಈಗ ಎದುರಿಗೇ ಜೋಡಿಸಿಟ್ಟಿರುವ ಡಿಸ್ಕ್ ಅಂದರೆ ಸಿಸಿ ಕ್ಯಾಮೆರಾದವು. ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್. ಊರಿಗೆಲ್ಲ ಕ್ಯಾಮೆರಾ ಬಂದ ಮೇಲೆ ಇವೇ ಜಾಸ್ತಿ ಖರ್ಚಾಗುತ್ತವೆ, ಬೇರೆ ಡಿಸ್ಕ್ ತರಿಸೋದೇ ಕಮ್ಮಿ. ಕಂಪ್ಯೂಟರ್‌ಗೆ ಹಾಕಿದರೆ ಇವೂ ನಡೆಯುತ್ತವೆ. ಆದರೆ ಇವನ್ನು ಮಾಡಿರುವುದು ಇಪ್ಪತ್ನಾಲ್ಕು ಗಂಟೆ ವಿಡಿಯೊ ಬರೆಯಲಿಕ್ಕೆ. ಒಂದು ಫ್ರೇಮ್ ಹೋದರೂ ಚಿಂತೆಯಿಲ್ಲ, ಬರೆಯೋದು ನಿಲ್ಲಬಾರದು ಅನ್ನೋದು ಅಲ್ಲಿನ ಲೆಕ್ಕ. ಹಲವು ಡಿಸ್ಕ್ ಒಟ್ಟಿಗೆ ಓಡುವ ರೇಡ್‌ಗಾಗಿ ಮಾಡಿದ ನ್ಯಾಸ್ (ನೆಟ್‌ವರ್ಕ್ ಸಂಗ್ರಹದ) ಡಿಸ್ಕ್‌ಗಳದ್ದೂ ಸ್ವಲ್ಪ ಹೀಗೇ. ಓದಲು ಬಾರದ ಸೆಕ್ಟರ್ ಸಿಕ್ಕರೆ ಏಳು ಸೆಕೆಂಡ್ ಆಸುಪಾಸು ನೋಡಿ ಕೈಬಿಡುತ್ತವೆ, ಪಕ್ಕದ ಡಿಸ್ಕಿನಲ್ಲಿ ನಕಲು ಇದ್ದೇ ಇರುತ್ತದೆ ಅನ್ನೋ ಭರವಸೆಯಲ್ಲಿ. ನಮ್ಮಂಥ ಒಂಟಿ ಡಿಸ್ಕಿನ ಮಷಿನ್‌ಗೆ ಹಾಗೆ ಬೇಗ ಕೈ ಚೆಲ್ಲುವ ಡಿಸ್ಕ್ ಯಾಕೆ? ಪುಸ್ತಕದ ಒಂದು ಪುಟಕ್ಕಾಗಿ ಅದು ಇನ್ನಷ್ಟು ಹೊತ್ತು ಗುದ್ದಾಡಲಿ. ಡೆಸ್ಕ್‌ಟಾಪ್ ಡಿಸ್ಕೇ ಬೇಕು ಅಂತ ಹಟ ಹಿಡಿದೆ.

ತಿರುಗುವ ತಟ್ಟೆ ಇಲ್ಲದ ಎಸ್‌ಎಸ್‌ಡಿ ಯಾಕೆ ಬೇಡ ಅಂತ ಎಲ್ಲರೂ ಕೇಳಿದರು. ವಿಂಡೋಸ್ 7 ಅಥವಾ ಲಿನಕ್ಸ್ ಇರುವ ಹಳೆ ಮಷಿನ್‌ಗಾದರೆ ನಾನೂ ಕಣ್ಣು ಮುಚ್ಚಿ ಸಾಟಾ ಎಸ್‌ಎಸ್‌ಡಿನೇ ಹೇಳುತ್ತೇನೆ. ಮಗಳ 2012ರ ಲ್ಯಾಪ್‌ಟಾಪ್‌ಗೆ ಹಾಕಿಸಿದ್ದು ಅದನ್ನೇ. ಅದರಲ್ಲಿದ್ದ ಹಳೆ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ಅದರ ಜೊತೆ ಬಂದ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿದರೆ ಅಲುಗಾಡದೆ ಕೂತುಕೊಳ್ಳುತ್ತದೆ. ಲ್ಯಾಪ್‌ಟಾಪ್‌ನವರು ಡಿಸ್ಕ್ ತರುವಾಗ ಈ ದಪ್ಪ ಅಳೆಯಲೇಬೇಕು. 7ರ ಗೂಡಿಗೆ 9.5 ಹೋಗೋದಿಲ್ಲ.

ಎಕ್ಸ್‌ಪಿಯ ಮಾತು ಬೇರೆ. ಅಳಿಸಿದ ಜಾಗ ಖಾಲಿಯಾಗಿದೆ ಅಂತ ಎಸ್‌ಎಸ್‌ಡಿಗೆ ಹೇಳುವ ಟ್ರಿಮ್ ಅನ್ನೋ ಏರ್ಪಾಡು ಎಕ್ಸ್‌ಪಿಯಲ್ಲಿ ಇಲ್ಲ. ಒಂದಿಷ್ಟು ಭಾಗ ಪಾರ್ಟಿಷನ್ ಮಾಡದೆ ಖಾಲಿ ಬಿಟ್ಟು ನಡೆಸಬಹುದು, ನಡೆಸುವವರಿದ್ದಾರೆ. ನನಗೆ ಮುಖ್ಯವಾದದ್ದು ಇನ್ನೊಂದು. ಹಾರ್ಡ್ ಡಿಸ್ಕ್ ಕೆಡುವಾಗ ಸಾಮಾನ್ಯವಾಗಿ ಸುಳಿವು ಕೊಡುತ್ತದೆ. ಸದ್ದು ಬದಲಾಗುತ್ತದೆ, ನಿಧಾನ ಆಗುತ್ತದೆ, ಪೆಂಡಿಂಗ್ ಏರುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ಒಂದು ಬೆಳಗ್ಗೆ ಏಳೋದೇ ಇಲ್ಲ. ಕರೆಂಟ್ ಹೋಗಿ ಬರುವ ನಮ್ಮ ಓಣಿಯಲ್ಲಿ, ಬ್ಯಾಕಪ್ ನಿನ್ನೆಯದಷ್ಟೇ ಇರುವ ಮಷಿನ್‌ನಲ್ಲಿ, ನನಗೆ ಆ ಸುಳಿವು ಬೇಕು. ಇನ್ನೂ ಹೊಸ ಬಗೆಯ ಎಸ್‌ಎಸ್‌ಡಿ ಎನ್‌ವಿಎಂಇ ಅಂತೂ ಈ ಬೋರ್ಡಿನಿಂದ ಬೂಟ್ ಆಗೋದಿಲ್ಲ, ಅದರ ಮಾತೇ ಬೇಡ.

ಕೊನೆಗೆ ಡಿಸ್ಕ್ ಸಿಕ್ಕಿದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಬೇರೆ ಕೆಲಸಕ್ಕೆ ಹೋದಾಗ. ಅಲ್ಲಿ ಒಂದು ಅಂಗಡಿಯಲ್ಲಿ ತೋರಿಸಿದ ಡಿಸ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಂಥದ್ದು ನಿಮಗೂ ಎದುರಾಗುತ್ತದೆ. ಬೆಳ್ಳಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಕವರ್‌ನಲ್ಲಿತ್ತು, ಮೇಲೆ ಸೀಲ್ ಇತ್ತು. 'ಹೊಸದು ಸಾರ್' ಅಂದರು. ಕವರ್ ಬಿಚ್ಚಿ ಬೆಳಕಿಗೆ ಹಿಡಿದೆ. ಪಕ್ಕದ ಸ್ಕ್ರೂ ತೂತುಗಳ ಅಂಚಿನಲ್ಲಿ ಬಣ್ಣ ಎದ್ದು ಬಿಳಿ ಲೋಹ ಕಾಣುತ್ತಿತ್ತು. ಒಮ್ಮೆಯೂ ಸ್ಕ್ರೂ ಕಾಣದ ಡಿಸ್ಕಿನಲ್ಲಿ ಹಾಗಿರೋದಿಲ್ಲ. ಆಮೇಲೆ ಸಾಟಾ ಕೇಬಲ್ ಕೂಡುವ ಬಾಯಿ ನೋಡಿದೆ. ಬಂಗಾರದ ಬಣ್ಣದ ಪಟ್ಟಿಗಳ ಮೇಲೆ ಉದ್ದಕ್ಕೆ ಗೀರು, ಒಂದರ ಮೇಲೆ ಒಂದು. ಕೇಬಲ್ ಹಲವು ಸಲ ಹಾಕಿ ತೆಗೆದ ಗುರುತು ಅದು. ಸ್ಟಿಕ್ಕರ್ ಮಾತ್ರ ಹೊಚ್ಚ ಹೊಸದು, ಅದರ ಮೇಲೆ ತಯಾರಾದ ತಿಂಗಳು ಕೂಡ ಇರಲಿಲ್ಲ. ಡಿಸ್ಕ್ ತನ್ನ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ಲೆಕ್ಕ ತೋರಿಸಿ ಅಂದರೆ ಪವರ್ ಆನ್ ಅವರ್ಸ್, ಅಂದರೆ ಓಡಿದ ಗಂಟೆಗಳು, ಸೊನ್ನೆ ತೋರಿಸಿದರು. ಆ ಲೆಕ್ಕವನ್ನು ಸೊನ್ನೆ ಮಾಡಲು ಬರುತ್ತದೆ. ಗೀರು ಅಳಿಸಲು ಬರೋದಿಲ್ಲ. ವಾಪಸ್ ಕೊಟ್ಟು ಬಂದೆ.

ಮುಂದಿನ ಅಂಗಡಿಯ ಹಿರಿಯರು ನಾನು ಕೊಟ್ಟ ಚೀಟಿ ನೋಡಿ, ಒಳಗಿನಿಂದ ಅದರಲ್ಲಿದ್ದ ಒಂದು ಮಾದರಿ ತಂದರು. ಅಂಗಡಿಯಲ್ಲೇ ನಿಂತು ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿದೆ. ಭಾರತದಲ್ಲಿ ವಾರಂಟಿ ಇದೆ ಅಂತ ತೋರಿಸಿತು. ಹೊರದೇಶಕ್ಕೆ ಮಾರಿದ ಡಿಸ್ಕ್, ಕಂಪ್ಯೂಟರ್ ಕಂಪನಿಗೆ ಸಗಟಾಗಿ ಕೊಟ್ಟ ಡಿಸ್ಕ್ ಆದರೆ ಅಲ್ಲೇ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡೆ. ಅವರು ಬೇಸರವಿಲ್ಲದೆ ಬರೆದುಕೊಟ್ಟರು.

ಹೊಸ ಡಿಸ್ಕ್ ತಂದು ಸೀದಾ ಎಕ್ಸ್‌ಪಿ ಸಿಡಿ ಹಾಕಬೇಡಿ. 2011ರಿಂದೀಚೆ ಬಂದ ಡಿಸ್ಕ್‌ಗಳಲ್ಲಿ ಒಳಗಿನ ಸೆಕ್ಟರ್ 4096 ಬೈಟ್‌ನದು, ಹೊರಗೆ ಮಾತ್ರ 512ರ ಎಂಟು ತುಣುಕು ಅಂತ ತೋರಿಸಿಕೊಳ್ಳುತ್ತವೆ. ಇವುಗಳಿಗೆ 512ಇ ಅನ್ನುತ್ತಾರೆ. 4ಕೆಎನ್ ಅಂತ ಬರೆದಿದ್ದರೆ ಅದು ಹೊರಗೂ 4096 ಅಂತಲೇ ಹೇಳುವ ಡಿಸ್ಕ್, ಎಕ್ಸ್‌ಪಿಗೆ ಆಗಿಬರದು. 512ಇ ನಡೆಯುತ್ತದೆ, ಆದರೆ ಎಕ್ಸ್‌ಪಿ ತಾನಾಗಿ ಪಾರ್ಟಿಷನ್ ಮಾಡಿದರೆ 63ನೇ ಸೆಕ್ಟರ್‌ನಿಂದ ಶುರು ಮಾಡುತ್ತದೆ. 63 ಎಂಟರಿಂದ ಭಾಗ ಹೋಗೋದಿಲ್ಲ. ಹಾಗಾಗಿ ವಿಂಡೋಸ್ ಬರೆಯುವ ಒಂದೊಂದು 4 ಕೆಬಿಯೂ ಡಿಸ್ಕಿನ ಎರಡು ಸೆಕ್ಟರ್‌ಗಳ ಮೇಲೆ ಕಾಲಿಟ್ಟು ನಿಲ್ಲುತ್ತದೆ. ಒಂದು ಸಲ ಬರೆಯಬೇಕಾದ ಕಡೆ ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ಹೊಸ ಡಿಸ್ಕ್ ಹಾಕಿದ ಮೇಲೂ ನಿಧಾನ ಅಂತ ಗೊಣಗುವವರ ಮಷಿನ್‌ನಲ್ಲಿ ಇದನ್ನು ಒಮ್ಮೆ ನೋಡಬೇಕು. ಹಳೆ ಡಿಸ್ಕನ್ನು ಇದ್ದ ಹಾಗೇ ಕ್ಲೋನ್ ಮಾಡಿದರೂ ಆ 63 ಜೊತೆಗೇ ಬರುತ್ತದೆ.

ನಾನು ಮೊದಲು ಪಾರ್ಟಿಷನ್ ಮಾಡುವ ಉಚಿತ ಸಾಫ್ಟ್‌ವೇರ್ ಜಿಪಾರ್ಟೆಡ್‌ನ ಲೈವ್ ಸಿಡಿಯಿಂದ ಬೂಟ್ ಮಾಡಿ, ಎಂಬಿಆರ್ ಬಗೆಯಲ್ಲಿ ಎರಡು ಎನ್‌ಟಿಎಫ್‌ಎಸ್ ಪಾರ್ಟಿಷನ್ ಮಾಡಿದೆ. ಜಿಪಾರ್ಟೆಡ್‌ನಲ್ಲಿ ಎಂಐಬಿಗೆ ಅಲೈನ್ ಮಾಡು ಅಂತಿಟ್ಟರೆ ಮೊದಲನೆಯದು 2048ನೇ ಸೆಕ್ಟರ್‌ನಿಂದ ಶುರುವಾಗುತ್ತದೆ, ಅದು ಎಂಟರಿಂದ ಭಾಗ ಹೋಗುತ್ತದೆ. ಮೊದಲನೆಯದಕ್ಕೆ ಬೂಟ್ ಗುರುತು ಕೊಟ್ಟೆ. ಆಮೇಲೆ ಎಕ್ಸ್‌ಪಿ ಸಿಡಿ ಹಾಕಿ, ಪಾರ್ಟಿಷನ್ ಅಳಿಸದೆ ಅದರೊಳಗೇ ಇನ್‌ಸ್ಟಾಲ್ ಮಾಡಿದೆ. ಅಳಿಸಿದರೆ ಮತ್ತೆ 63ಕ್ಕೇ ಹೋಗುತ್ತದೆ. ನಮ್ಮ ಬೋರ್ಡಿನ ಐಸಿಎಚ್7 ಚಿಪ್‌ನಲ್ಲಿ ಎಎಚ್‌ಸಿಐ ಅನ್ನೋ ಸಾಟಾದ ಹೊಸ ಮೋಡ್ ಇಲ್ಲದ್ದು ಇಲ್ಲಿ ಒಳ್ಳೆಯದೇ ಆಯಿತು, ಡಿಸ್ಕ್ ಎಕ್ಸ್‌ಪಿಗೆ ಐಡಿಇಯಂತೆಯೇ ಕಾಣುತ್ತದೆ. ನಿಮ್ಮದು ಸ್ವಲ್ಪ ಹೊಸ ಬೋರ್ಡಾಗಿದ್ದು ಎಕ್ಸ್‌ಪಿ ಸಿಡಿ 7ಬಿ ಅಂತ ನೀಲಿ ಪರದೆ ತೋರಿಸಿದರೆ, ಬಯಾಸ್‌ನಲ್ಲಿ ಸಾಟಾ ಮೋಡ್ ಅನ್ನು ಎಎಚ್‌ಸಿಐನಿಂದ ಐಡಿಇಗೆ ಬದಲಿಸಿ ನೋಡಿ.

ಕೂಡಿಸುವಾಗ ಹೊಸ ಸಾಟಾ ಕೇಬಲ್ ಹಾಕಿದೆ, ತುದಿಯಲ್ಲಿ ಲೋಹದ ಕ್ಲಿಪ್ ಇರುವಂಥದ್ದು. 3.5 ಇಂಚಿನ ಡಿಸ್ಕಿಗೆ ದಪ್ಪ ಎಳೆಯ ಸ್ಕ್ರೂ ಬೇಕು, ಲ್ಯಾಪ್‌ಟಾಪ್ ಡಿಸ್ಕಿನ ಸಣ್ಣ ಎಳೆಯದ್ದು ಇದಕ್ಕೆ ಹಿಡಿಯೋದಿಲ್ಲ. ಹಳೆ ಡಿಸ್ಕಿನದ್ದನ್ನೇ ಒಂದು ಬಟ್ಟಲಲ್ಲಿ ಹಾಕಿಟ್ಟುಕೊಂಡಿದ್ದೆ.

ಎರಡನೇ ಪಾರ್ಟಿಷನ್‌ಗೆ ಡಿ ಅನ್ನೋ ಅಕ್ಷರವೇ ಬರಬೇಕು ಅನ್ನೋದು ನಮ್ಮಂಥವರಿಗೆ ಬಹಳ ಮುಖ್ಯ. ಪೇಜ್‌ಮೇಕರ್ ತನ್ನೊಳಗೆ ಲಿಂಕ್ ಮಾಡಿದ ಚಿತ್ರಗಳನ್ನು ಅವು ಇದ್ದ ದಾರಿಯ ಸಮೇತ ನೆನಪಿಟ್ಟುಕೊಂಡಿರುತ್ತದೆ. ಡಿ ಇದ್ದದ್ದು ಇ ಅಥವಾ ಎಫ್ ಆದರೆ, ಪುಸ್ತಕ ತೆರೆದ ಕೂಡಲೇ ಒಂದೊಂದು ಚಿತ್ರವೂ ಎಲ್ಲಿದೆ ಅಂತ ಕೇಳತೊಡಗುತ್ತದೆ. ನಮ್ಮಲ್ಲಿ ಸಿಡಿ ಡ್ರೈವ್ ಡಿ ಹಿಡಿದು ಕೂತಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅದನ್ನು ಝಡ್‌ಗೆ ಕಳಿಸಿ, ಡೇಟಾ ಪಾರ್ಟಿಷನ್‌ಗೆ ಡಿ ಕೊಟ್ಟು, ಆಮೇಲೆ ನಕಲಿನಿಂದ ಹಳೆ ಫೋಲ್ಡರ್‌ಗಳನ್ನು ಅದೇ ಹೆಸರಿನಲ್ಲಿ ಇಳಿಸಿದೆ. ಫಾಂಟ್‌ಗಳನ್ನೆಲ್ಲ ಹಾಕಿ, ಲಾಕ್ ಸಿಗಿಸಿ, ನೂರಾರು ಚಿತ್ರಗಳಿರುವ ಒಂದು ಸ್ಮರಣ ಸಂಚಿಕೆ ತೆರೆದೆ. ಒಂದೂ ಪ್ರಶ್ನೆ ಬರಲಿಲ್ಲ. ಟ್ರೇಸಿಂಗ್ ಪ್ರಿಂಟ್ ತೆಗೆದು ಹಳೆ ಪ್ರತಿಯ ಮೇಲಿಟ್ಟು ಕಿಟಕಿಗೆ ಹಿಡಿದರೆ ಸಾಲಿಗೆ ಸಾಲು ಕೂತಿತ್ತು.

ಈಗ ಈ ಡಿಸ್ಕಿನದ್ದೂ ಒಂದು ಪೂರ್ತಿ ನಕಲು ತೆಗೆದಿಟ್ಟಿದ್ದೇನೆ. ಇದೇ ಮಾದರಿಯ ಇನ್ನೊಂದು ಡಿಸ್ಕ್ ಮಾರ್ಕೆಟ್ಟಿನಲ್ಲಿ ಸಿಗುವಷ್ಟರಲ್ಲೇ ತಂದು, ಅದರ ಮೇಲೆ ಈ ನಕಲು ಇಳಿಸಿ, ಬೀರುವಿನಲ್ಲಿ ಇಡಬೇಕು ಅಂತಿದೆ. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಮೊದಲು ಅದನ್ನೇ ವಿಚಾರಿಸುತ್ತೇನೆ.